ಸ್ಯಾಮ್ ಡಾರ್ಸಿ: ತಲೆಯ ಮೇಲಿನ ಚೆಂಡು ಅವನದೇ, ಮೊಣಕಾಲ ಮಟ್ಟದ್ದು?

ಫುಟ್ಸ್‌ಕ್ರೇ_ಕಟ್ಟೆ

ಗೋಲ್ ಹೊಡೆದ ದಿನ ಹೊಗಳಿಕೆ, ತಪ್ಪಿದ ದಿನ ಬೈಗುಳ. ಡಾರ್ಸಿ ಬಗ್ಗೆ ಇಲ್ಲಿ ಇಷ್ಟು ದಿನ ನಡೆದಿರೋದು ಇದೇ. ಅವನ ತಂಡ, ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗಿನ (ಎಎಫ್‌ಎಲ್) ವೆಸ್ಟರ್ನ್ ಬುಲ್‌ಡಾಗ್ಸ್, 2025ರಲ್ಲಿ 14 ಪಂದ್ಯ ಗೆದ್ದೂ ಒಂಬತ್ತನೇ ಸ್ಥಾನಕ್ಕೆ ನಿಂತು ಫೈನಲ್ಸ್ ಕಳೆದುಕೊಂಡಿತು. ಮುಂದಿನ ಹತ್ತು ವರ್ಷ ಈ ತಂಡದ ದಾಳಿ ಯಾರ ಸುತ್ತ ಕಟ್ಟಬೇಕು ಅನ್ನೋದರಲ್ಲಿ ಯಾರಿಗೂ ಅನುಮಾನವಿಲ್ಲ, ಹಾಗಾಗಿ ಅವನ ಆಟವನ್ನು ಭಾಗ ಭಾಗವಾಗಿ ಬಿಚ್ಚಿ ನೋಡೋಣ.

ಹೊಸಬರಿಗೆ ಎರಡು ಮಾತು. ಹುಟ್ಟಿದ್ದು 2003, ಎತ್ತರ 208 ಸೆಂ.ಮೀ. 2021ರ ಡ್ರಾಫ್ಟ್‌ನಲ್ಲಿ (ಕ್ಲಬ್ಬುಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) ಎರಡನೇ ಆಯ್ಕೆ, ಅದೂ ತಂದೆ-ಮಗ ನಿಯಮದಡಿ. ತಂದೆ ಒಂದು ಕ್ಲಬ್ಬಿಗೆ 100 ಪಂದ್ಯ ಆಡಿದ್ದರೆ ಮಗನನ್ನು ಮೊದಲು ಕೇಳುವ ಹಕ್ಕು ಆ ಕ್ಲಬ್ಬಿಗಿರುತ್ತದೆ. ಅಪ್ಪ ಲ್ಯೂಕ್ ಡಾರ್ಸಿ ಬುಲ್‌ಡಾಗ್ಸ್ ಪರ 226 ಪಂದ್ಯ ಆಡಿದವರು. ಸ್ಯಾಮ್ ಶುರುವಿನಲ್ಲಿ ಡಿಫೆನ್ಸ್‌ನಲ್ಲೂ ಆಡಿದ್ದ. 2024ರಲ್ಲಿ ಆರನ್ ನಾಟನ್ ಪಕ್ಕದಲ್ಲಿ ಫಾರ್ವರ್ಡ್ (ಗೋಲ್ ಹೊಡೆಯಲು ಮುಂದೆ ನಿಲ್ಲುವವನು) ಆಗಿ ನೆಲೆ ನಿಂತ.

ನನ್ನ ವಾದ ಇಷ್ಟು: ಅವನ ಮಾರ್ಕಿಂಗ್, ಅಂದರೆ ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿಯುವುದು, ಈಗಾಗಲೇ ಮೇಲ್ಮಟ್ಟದ್ದು, ಅದನ್ನು ಇನ್ನೂ ತಿದ್ದುತ್ತಾ ಕೂರುವುದರಿಂದ ಹೆಚ್ಚೇನೂ ಸಿಗಲ್ಲ. ಲಾಭ ಇರುವುದು ಬೇರೆ ಕಡೆ. ಚೆಂಡು ಗಾಳಿಗೆ ಏರುವ ಮುಂಚಿನ ಎರಡು ಸೆಕೆಂಡ್‌ನಲ್ಲಿ, ಮತ್ತೆ ಅದು ನೆಲಕ್ಕೆ ಬಿದ್ದ ನಂತರದ ಎರಡು ಸೆಕೆಂಡ್‌ನಲ್ಲಿ.

ಮೆಲ್ಬರ್ನ್ ಪಶ್ಚಿಮದ ಟಾರ್ನೀಟ್, ಟ್ರುಗನೀನಾ, ಪಾಯಿಂಟ್ ಕುಕ್ ಕಡೆಯ ಕನ್ನಡ ಮನೆಗಳ ಮಕ್ಕಳು ಆಸ್‌ಕಿಕ್‌ಗೆ (ಮಕ್ಕಳ ಫುಟ್‌ಬಾಲ್ ತರಬೇತಿಗೆ) ಹೋಗಿ ಬಂದು "ಲೀಡ್ ಅಂದ್ರೇನು" ಅಂತ ಕೇಳ್ತಾರೆ. ಅವರ ಅಪ್ಪ ಅಮ್ಮಂದಿರಿಗೂ ಅರ್ಥವಾಗುವ ಹಾಗೆ ಬರೆಯಿರಿ.

ಎರಡೂ_ಕೈ_ಮಾರ್ಕ್

ಮೊದಲು ಶಕ್ತಿಯಿಂದಲೇ ಶುರು ಮಾಡ್ತೀನಿ. ಅದರ ಒಳಗು ಗೊತ್ತಾಗದೆ ಕೊರತೆ ಗೊತ್ತಾಗಲ್ಲ.

45 ಮೀಟರ್ ದೂರದಿಂದ ಎತ್ತರಕ್ಕೆ ಒದ್ದ ಚೆಂಡು ಗಾಳಿಯಲ್ಲಿರುವುದು ಎರಡೂವರೆಯಿಂದ ಮೂರು ಸೆಕೆಂಡ್. ಅಷ್ಟರಲ್ಲಿ ಫಾರ್ವರ್ಡ್ ಮೂರು ಕೆಲಸ ಮಾಡಬೇಕು: ಬೀಳುವ ಜಾಗ ಅಂದಾಜು ಮಾಡಬೇಕು, ಆ ಜಾಗವನ್ನು ಡಿಫೆಂಡರ್‌ಗೆ ಬಿಟ್ಟುಕೊಡದೆ ನಿಲ್ಲಬೇಕು, ಸರಿಯಾದ ಕ್ಷಣಕ್ಕೆ ನೆಲ ಬಿಡಬೇಕು. ಹೆಚ್ಚಿನ ಎತ್ತರದ ಹುಡುಗರು ಮಾಡುವ ತಪ್ಪು ಅಂದರೆ ಬೀಳುವ ಜಾಗದ ಕೆಳಗೇ ಹೋಗಿ ನಿಂತುಬಿಡೋದು. ಅಲ್ಲಿಂದ ನೇರ ಮೇಲಕ್ಕೆ ಮಾತ್ರ ಹಾರಬಹುದು, ಹಿಂದಿನವನು ಸುಮ್ಮನೆ ಒರಗಿದರೂ ಸಾಕು, ಚೆಂಡು ತಲೆಯ ಮೇಲಿಂದ ದಾಟುತ್ತದೆ. ಕ್ರಿಕೆಟ್‌ನಲ್ಲಿ ಔಟ್‌ಫೀಲ್ಡಲ್ಲಿ ಮುಂದೆ ಓಡಿಬಂದು ಕ್ಯಾಚ್ ತಲೆ ಮೇಲೆ ಬಿಟ್ಟುಕೊಡುವ ಹಾಗೆಯೇ ಇದು.

ಡಾರ್ಸಿ ಚೆನ್ನಾಗಿ ಆಡಿದ ದಿನ ಗಮನಿಸಿ. ಬೀಳುವ ಜಾಗಕ್ಕಿಂತ ಎರಡು ಮೂರು ಹೆಜ್ಜೆ ಹಿಂದೆಯೇ ನಿಂತಿರುತ್ತಾನೆ. ಕೊನೆಯ ಗಳಿಗೆಯಲ್ಲಿ ಆ ಎರಡು ಹೆಜ್ಜೆ ಓಡಿ, ಒಂದೇ ಕಾಲಲ್ಲಿ ಚಿಮ್ಮಿ, ಕೈಗಳನ್ನು ನೆತ್ತಿಯ ಮೇಲೆ ಚಾಚದೆ ಹಣೆಯ ಮುಂದಕ್ಕೆ ಚಾಚುತ್ತಾನೆ. ಗುಟ್ಟು ಇರೋದು ಆ "ಮುಂದಕ್ಕೆ" ಅನ್ನೋದರಲ್ಲಿ. ಡಿಫೆಂಡರ್‌ನ ಮುಷ್ಟಿ ಬರಬೇಕಾದ್ದು ಅವನ ಬೆನ್ನ ಹಿಂದಿನಿಂದ, ಭುಜದ ಮೇಲಿಂದ. ಕೈಯ ಪೂರ್ತಿ ಉದ್ದ ಮುಂದಿರುವ ಚೆಂಡನ್ನು ತಲುಪಬೇಕಾದರೆ ಡಿಫೆಂಡರ್ ಅವನ ತೋಳಿಗೆ ಹೊಡೆಯಲೇಬೇಕಾಗುತ್ತದೆ, ತೋಳಿಗೆ ಹೊಡೆದರೆ ಫ್ರೀ ಕಿಕ್. 208 ಸೆಂ.ಮೀ. ಎತ್ತರದವನು ನಿಂತಲ್ಲೇ ಕೈ ಎತ್ತಿದರೂ ಎರಡೂವರೆ ಮೀಟರ್ ದಾಟುತ್ತದೆ. ಅದಕ್ಕೆ ಜಿಗಿತವನ್ನೂ ಕೂಡಿಸಿ, ಮತ್ತೆ ಚೆಂಡನ್ನು ದೇಹದಿಂದ ದೂರವೇ ಹಿಡಿಯುವ ಅಭ್ಯಾಸವನ್ನೂ ಕೂಡಿಸಿ. ಕಾಲಿನ್‌ವುಡ್‌ನ ಡಾರ್ಸಿ ಮೂರ್, ಬ್ರಿಸ್ಬೇನ್‌ನ ಹ್ಯಾರಿಸ್ ಆಂಡ್ರ್ಯೂಸ್ ತರಹ ಎರಡು ಮೀಟರ್ ಮೀರಿದ ಡಿಫೆಂಡರ್‌ಗಳೂ ಅವನಿಗೆ ಎತ್ತರದಲ್ಲಿ ಸಾಟಿ ಕೊಡಲಾರರು. ಅವರು ಗೆಲ್ಲಬೇಕಾದರೆ ಚೆಂಡು ಮೇಲಿರುವಾಗಲೇ ನೆಲದ ಮೇಲೆ ಗೆಲ್ಲಬೇಕು.

ಇನ್ನೊಂದು ವಿಷಯ ಯಾಕೋ ಯಾರೂ ಹೇಳಲ್ಲ. ಅವನು ಬೆರಳಲ್ಲಿ ಹಿಡಿಯುತ್ತಾನೆ, ಎದೆಗೆ ಒತ್ತಿಕೊಳ್ಳುವುದಿಲ್ಲ. ಎರಡು ಹೆಬ್ಬೆರಳು ಹತ್ತಿರ, ಅಂಗೈ ಸ್ವಲ್ಪ ಒಳಕ್ಕೆ, ಚೆಂಡು ಬಡಿದಾಗ ಮೊಣಕೈ ಮಡಿಸಿ ವೇಗ ತಿನ್ನುವುದು. ಮಳೆಯಲ್ಲಿ ಒದ್ದೆಯಾದ ಶೆರಿನ್ ಚೆಂಡು ಸೋಪಿನ ಹಾಗೆ ಜಾರುತ್ತದೆ, ಆಗ ಇದೇ ಅಭ್ಯಾಸ ತಿರುಗುಬಾಣ. ಒದ್ದೆ ದಿನ ಮೊದಲ ಪ್ರಯತ್ನ ಎದೆಯ ಮಾರ್ಕ್ ಆಗಬೇಕು, ಅಂದರೆ ಚೆಂಡಿನ ಕಡೆಗೆ ಓಡಿಬಂದು ಎದೆ ಮಟ್ಟದಲ್ಲಿ ಹಿಡಿಯುವಂಥದ್ದು. ಅದು ಅವನಿಗೆ ಇನ್ನೂ ಸಹಜವಾಗಿಲ್ಲ.

ಕಾರಿಡಾರ್

ಮೇಲಿನದಕ್ಕೆ ಪೂರ್ತಿ ಒಪ್ಪಿಗೆ. ಆದರೆ ಈ ಎತ್ತರವೇ ತಂಡಕ್ಕೆ ಸೋಮಾರಿತನ ಕಲಿಸಿದೆ. ಮಿಡ್‌ಫೀಲ್ಡ್‌ನಲ್ಲಿ ಒತ್ತಡ ಬಂತಾ, ತಲೆ ಎತ್ತಿ ನೋಡದೆ ಗೋಲ್ ಸ್ಕ್ವೇರ್ (ಗೋಲ್ ಎದುರಿನ ಚೌಕ) ಕಡೆ ಎತ್ತರಕ್ಕೆ ಒಂದು ಒದೆತ. "ಅಲ್ಲಿ ಡಾರ್ಸಿ ಇದ್ದಾನಲ್ಲ." ಎತ್ತರದ ಒದೆತ ಮೂರು ಸೆಕೆಂಡ್ ಗಾಳಿಯಲ್ಲಿದ್ದರೆ ಆ ಮೂರು ಸೆಕೆಂಡ್ ಎದುರಾಳಿಗೂ ಸಿಗುತ್ತದೆ. ತನ್ನ ಆಟಗಾರನನ್ನು ಬಿಟ್ಟು ಎರಡನೇ ಡಿಫೆಂಡರ್, ಕೆಲವೊಮ್ಮೆ ಮೂರನೆಯವನೂ ಬಂದು ಬೀಳುತ್ತಾರೆ. 2024ರಲ್ಲಿ ನಾಟನ್, ಉಗ್ಲ್-ಹೇಗನ್, ಡಾರ್ಸಿ ಮೂವರು ಎತ್ತರದ ಫಾರ್ವರ್ಡ್‌ಗಳೂ ಇದ್ದಾಗ ಹಾಗೆ ಬಿಟ್ಟು ಬರುವುದು ಎದುರಾಳಿಗೆ ಅಪಾಯ. 2025ರಲ್ಲಿ ಉಗ್ಲ್-ಹೇಗನ್ ಕಣದಲ್ಲಿರಲಿಲ್ಲ, ರೋರಿ ಲಾಬ್ ಆಗಲೇ ಡಿಫೆನ್ಸ್‌ಗೆ ಹೋಗಿಯಾಗಿತ್ತು. ಬಿಟ್ಟು ಬರುವ ಧೈರ್ಯ ಎದುರಾಳಿಗೆ ಹೆಚ್ಚಾಯಿತು.

ಇದಕ್ಕೆ ಅರ್ಧ ಪರಿಹಾರ ಡಾರ್ಸಿಯ ಕಾಲಲ್ಲೇ ಇದೆ, ಅದೇ ಲೀಡ್. ಲೀಡ್ ಅಂದರೆ ಚೆಂಡು ಹಿಡಿದ ತಂಡದವನ ಕಡೆಗೆ ಜಾಗ ಬಿಡಿಸಿಕೊಂಡು ಓಡಿಬರುವುದು, ಅವನು ಚಪ್ಪಟೆಯಾಗಿ 30 ಮೀಟರ್ ಒದ್ದರೆ ಡಿಫೆಂಡರ್‌ಗಿಂತ ಮುಂದಿದ್ದು ಹಿಡಿಯುವುದು. ಚಪ್ಪಟೆ ಒದೆತ ಗಾಳಿಯಲ್ಲಿರುವುದು ಒಂದೂವರೆ ಸೆಕೆಂಡ್‌ಗೂ ಕಡಿಮೆ, ಎರಡನೆಯವನು ಬಂದು ಮುಟ್ಟಲು ಹೊತ್ತೇ ಸಾಲದು.

ಲೀಡ್ ಹಾಳಾಗುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ. ಬೇಗ ಶುರು ಮಾಡೋದು ಒಂದು. ಒದೆಯುವವನು ಇನ್ನೂ ಚೆಂಡು ಕೈಯಲ್ಲಿ ಸರಿಮಾಡಿಕೊಳ್ಳುತ್ತಿರುವಾಗಲೇ ಫಾರ್ವರ್ಡ್ 20 ಮೀಟರ್ ಓಡಿ ಮುಗಿಸಿರುತ್ತಾನೆ, ಕಿಕ್ ಬರುವ ಹೊತ್ತಿಗೆ ಜಾಗವೂ ಇಲ್ಲ, ದಮ್ಮೂ ಇಲ್ಲ. ಶುರುವಾಗಬೇಕಾದ್ದು ಒದೆಯುವವನ ಕಣ್ಣು ಮೇಲೆದ್ದ ಕ್ಷಣಕ್ಕೆ. ಎರಡನೆಯದು, ನೇರ ಗೆರೆಯಲ್ಲಿ ಓಡೋದು. ಮೊದಲು ಗೋಲ್ ಕಡೆಗೆ ಎರಡು ಮೂರು ಹೆಜ್ಜೆ ಗಟ್ಟಿಯಾಗಿ ಹಾಕಿ ಡಿಫೆಂಡರ್‌ನ ಭಾರ ಹಿಮ್ಮಡಿಗೆ ಹೋಗುವ ಹಾಗೆ ಮಾಡಿ, ಆಮೇಲೆ ಹೊರಳಿ ಓಡಬೇಕು. ಡಾರ್ಸಿ ಬಹಳ ಸಲ ಆ ಮೊದಲ ಸುಳ್ಳು ಹೆಜ್ಜೆಗಳನ್ನೇ ಹಾಕುವುದಿಲ್ಲ. ಅವನ ಕಾಲಿನ ಉದ್ದಕ್ಕೆ ಮೊದಲ ಐದು ಮೀಟರ್ ನಿಧಾನ, ಆಮೇಲಿನ ಹದಿನೈದು ಮೀಟರ್ ಯಾರಿಗೂ ಸಿಗದಷ್ಟು ವೇಗ. ಹಾಗಿರುವವನಿಗೆ ಆ ಸುಳ್ಳು ಹೆಜ್ಜೆಯೇ ಪ್ರಾಣ. ಮೂರನೆಯದು ಎಲ್ಲರಿಗೂ ಬೇಸರ ತರಿಸುವಂಥದ್ದು: ಚೆಂಡು ಬರದಿದ್ದರೆ ಮತ್ತೆ ಓಡುವುದು. ಒಂದು ಲೀಡ್ ವ್ಯರ್ಥವಾದ ಕೂಡಲೇ ಹೊರಕ್ಕೆ ಬಳಸಿ, ಜಾಗ ಖಾಲಿ ಮಾಡಿ, ನಾಟನ್‌ಗೆ ಬಿಟ್ಟು, ಎರಡನೇ ಲೀಡ್‌ಗೆ ತಯಾರಾಗಬೇಕು. ಜೆಲಾಂಗ್‌ನ ಜೆರೆಮಿ ಕ್ಯಾಮರನ್ ಇದರಲ್ಲಿ ಗುರು. ಅವನು ವಿಂಗ್‌ವರೆಗೂ (ಮೈದಾನದ ನಡುಭಾಗದ ಬದಿಗೆ) ಹೋಗಿ ಬರ್ತಾನೆ, ಡಿಫೆಂಡರ್ ಹಿಂದೆ ಹೋಗಲೋ ನಿಲ್ಲಲೋ ಅಂತ ಯೋಚಿಸುವಷ್ಟರಲ್ಲಿ ಆಟ ಮುಗಿದಿರುತ್ತದೆ.

ಗರಡಿ_ಮನಿ

ನಮ್ಮ ಕಡೆ ಕುಸ್ತಿ ನೋಡಿದವರಿಗೆ ಇದು ಬಲು ಸರಳ ಐತಿ ನೋಡ್ರಿ. ಎತ್ತರದ ಪೈಲ್ವಾನನ್ನ ಯಾರೂ ಎದಿಗೆ ಹಿಡಿಯಂಗಿಲ್ಲ, ಸೊಂಟದ ಕೆಳಗ ಹಿಡಿತಾರ. ಡಿಫೆಂಡರ್‌ಗಳು ಡಾರ್ಸಿಗೆ ಮಾಡೋದೂ ಅದ.

ಚೆಂಡು ಬರೋಕ್ಕಿಂತ ಒಂದು ಸೆಕೆಂಡ್ ಮೊದಲ ಗಿಡ್ಡ ಡಿಫೆಂಡರ್ ತನ್ನ ಮುಂಗೈಯನ್ನ ಅವನ ಸೊಂಟದ ಹಿಂದ ಇಟ್ಟು, ತನ್ನ ಮೊಳಕಾಲು ಬಗ್ಗಿಸಿ, ಸಣ್ಣಗೆ ಒತ್ತತಾನ. ದೊಡ್ಡ ತಳ್ಳು ಬ್ಯಾಡ, ಅರ್ಧ ಹೆಜ್ಜಿ ಸರಿದರ ಸಾಕು, ಡಾರ್ಸಿ ಚೆಂಡಿನ ಕೆಳಗ ಬಂದ್ಬಿಡ್ತಾನ. 2019ರಿಂದ ಬೆನ್ನ ಮ್ಯಾಲ ಕೈ ಇಡೋದು ತಪ್ಪಲ್ಲ, ತಳ್ಳಿದರ ಮಾತ್ರ ತಪ್ಪು. ಇಟ್ಟದ್ದು ಯಾವುದು, ತಳ್ಳಿದ್ದು ಯಾವುದು ಅಂತ ಅಂಪೈರ್ 30 ಮೀಟರ್ ದೂರದಿಂದ ಹೇಳಬೇಕು. ಫ್ರೀ ಕಿಕ್ ಸಿಗತೈತಿ ಅಂತ ಕೈ ಎತ್ತಿ ಕಾಯಬಾರದು.

ಇದಕ್ಕ ಔಷಧ ಜೆಲಾಂಗ್‌ನ ಫಾರ್ವರ್ಡ್ ಆಗಿದ್ದ ಟಾಮ್ ಹಾಕಿನ್ಸ್‌ನ ಹಳೆ ಆಟದಾಗ ಐತಿ. 796 ಗೋಲ್ ಹೊಡದವ. ಅವ ಎಲ್ಲಕ್ಕಿಂತ ಎತ್ತರಕ್ಕ ಹಾರಿ ಗೆದ್ದಾವಲ್ಲ, ಕುಂಡಿ ಒತ್ತಿ ಗೆದ್ದಾವ. ಕಾಲು ಭುಜದಗಲಕ್ಕಿಂತ ಹೆಚ್ಚು ಅಗಲ ಮಾಡೋದು, ಸೊಂಟ ಕೆಳಗಿಳಿಸೋದು, ಬೆನ್ನಿಂದ ಡಿಫೆಂಡರ್‌ನ ಎದಿ ಎಲ್ಲೈತಿ ಅಂತ ಮುಟ್ಟಿ ತಿಳಕೊಳ್ಳೋದು. ಮುಟ್ಟಿದ ಮ್ಯಾಲ ಅವನ್ನ ಅಲ್ಲೇ ಹಿಡದಿಡೋದು. ಚೆಂಡು ಹತ್ರ ಬಂದಾಗ ಒಂದು ಹೆಜ್ಜಿ ಮುಂದ ಬಿದ್ದು ಹಿಡಿಯೋದು. ಡಾರ್ಸಿ ಮಾಡೋ ತಪ್ಪು ಅಂದರ ಸಂಪರ್ಕಕ್ಕ ತಾನು ಕಾಯತಾನ. ಮೊದಲು ಒತ್ತಿದಾವನ ಜಾಗ ಅದು. ಅವನಿಗೆ 208 ಇದ್ದರೂ ಮೊದಲ ಒತ್ತು ಬಿಟ್ಟುಕೊಟ್ಟರ 195 ಆಗತಾನ.

ತೂಕ ಏರಿಸ್ರಿ ಅಂತ ಮಂದಿ ಹೇಳತಾರ. ನಾ ಒಪ್ಪಂಗಿಲ್ಲ. ಅಷ್ಟುದ್ದ ಕಾಲಿಗೆ ಮ್ಯಾಲಿನ ಭಾರ ಹೆಚ್ಚಾದರ ಇಳಿಯುವಾಗ ಮೊಳಕಾಲ ಉಸಿರು ಕಟ್ಟತೈತಿ. ಬೇಕಾದ್ದು ತೊಡಿ, ಸೊಂಟ, ನಡುವಿನ ಬಲ. ಎದಿ ತೋಳು ಉಬ್ಬಿಸೋದರಿಂದ ಏನೂ ಇಲ್ಲ.

ಆರು_ಪಾಯಿಂಟ್_ನಾಕು

ಸೆಟ್ ಶಾಟ್, ಅಂದರೆ ಮಾರ್ಕ್ ಹಿಡಿದ ಮೇಲೆ ಅಡ್ಡಿಯಿಲ್ಲದೆ ಗೋಲ್‌ಗೆ ಒದೆಯುವುದು, ಅದನ್ನು ಯಾರೂ ಮುಟ್ಟಿಲ್ಲ, ನಾನು ಲೆಕ್ಕ ಇಡ್ತೀನಿ.

ಗೋಲ್ ಕಂಬಗಳ ನಡುವೆ 6.4 ಮೀಟರ್. ನೇರ ಎದುರಿಗೆ 30 ಮೀಟರ್ ದೂರದಲ್ಲಿ ನಿಂತರೆ ಆ ಕಿಂಡಿ ಸುಮಾರು 12 ಡಿಗ್ರಿ ಅಗಲ ಕಾಣುತ್ತದೆ. 40 ಮೀಟರ್‌ಗೆ 9, 50 ಮೀಟರ್‌ಗೆ 7ಕ್ಕಿಂತ ತುಸು ಹೆಚ್ಚು. ಈಗ 40 ಮೀಟರ್ ದೂರವನ್ನೇ ಇಟ್ಟುಕೊಂಡು 45 ಡಿಗ್ರಿ ಓರೆಗೆ ಸರಿಯಿರಿ: ಆರೂವರೆ ಡಿಗ್ರಿ. 60 ಡಿಗ್ರಿ ಓರೆಗೆ ಹೋದರೆ ನಾಲ್ಕೂವರೆ. ಅಂದರೆ 45 ಡಿಗ್ರಿ ಓರೆಯ 40 ಮೀಟರ್ ಕಿಕ್, ಕಿಂಡಿಯ ಲೆಕ್ಕದಲ್ಲಿ, ನೇರ ಎದುರಿನ 56 ಮೀಟರ್ ಕಿಕ್‌ಗೆ ಸಮ. ಟಿವಿಯಲ್ಲಿ "ಬರೀ 40 ಮೀಟರ್, ತಪ್ಪಿಸಿಬಿಟ್ಟ" ಅಂತ ಕೂಗುವವರು ಇದನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಲಿ.

ಇದರಿಂದ ಹೊರಡುವ ಮಾತು ಕಾರಿಡಾರ್ ಅವರು ಹೇಳಿದ್ದಕ್ಕೇ ಬಂದು ಸೇರುತ್ತದೆ. ಎಲ್ಲಿ ಮಾರ್ಕ್ ಹಿಡಿದ ಅನ್ನೋದರಲ್ಲೇ ಅರ್ಧ ಗೋಲ್ ತೀರ್ಮಾನವಾಗಿರುತ್ತದೆ. ಡಾರ್ಸಿ ಪಾಕೆಟ್ (ಗೋಲ್‌ನ ಬದಿಯ ಅಂಚು) ಕಡೆಗೆ ಓಡುವ ಲೀಡ್ ಸುಲಭ, ಅಲ್ಲಿ ಡಿಫೆಂಡರ್‌ಗಳು ಜಾಗ ಬಿಟ್ಟೇ ಕೊಡುತ್ತಾರೆ. ಅದು ದಾನವಲ್ಲ, ಬಲೆ. ಗೋಲ್‌ನಿಂದ ಗೋಲ್‌ಗೆ ಎಳೆದಂತಿರುವ ನಡುಗೆರೆಯ ಕಡೆಗೆ ಹತ್ತು ಮೀಟರ್ ಒಳಗೆ ಮುಗಿಯುವ ಲೀಡ್ ಕಷ್ಟದ್ದು, ಆದರೆ ಫಲ ದುಪ್ಪಟ್ಟು. ಜೆಲಾಂಗ್‌ನ ಕಾರ್ಡಿನಿಯಾ ಪಾರ್ಕ್ ಸುಮಾರು 115 ಮೀಟರ್ ಮಾತ್ರ ಅಗಲ, ಅಲ್ಲಿ ಅಂಚಿಗೆ ಹೋದರೂ ಕೋನ ಅಷ್ಟು ಹಾಳಾಗಲ್ಲ. 140 ಮೀಟರ್ ಮೀರಿದ ಎಂಸಿಜಿಯಲ್ಲಿ ಅದೇ ಅಭ್ಯಾಸ ಇಟ್ಟುಕೊಂಡರೆ ಬಿಹೈಂಡ್‌ಗಳ (ಗೋಲ್ ಬದಿಗೆ ಹೋಗಿ ಒಂದೇ ಅಂಕ ಸಿಗುವ ಒದೆತ) ಮೆರವಣಿಗೆ.

ಇನ್ನು ಒದೆತ. ಉದ್ದ ಕಾಲಿನವರಿಗೆಲ್ಲ ಒಂದೇ ಕಾಯಿಲೆ: ಕೈಯಿಂದ ಪಾದಕ್ಕೆ ಚೆಂಡು ಇಳಿಯುವ ದಾರಿ ಉದ್ದ. ಡ್ರಾಪ್ ಪಂಟ್‌ನಲ್ಲಿ ಚೆಂಡಿನ ಕೆಳತುದಿ ಪಾದದ ಮೇಲೆ ನೆಟ್ಟಗೆ ಬೀಳಬೇಕು, ಹಾಗಾದರೆ ಅದು ಹಿಮ್ಮುಖವಾಗಿ ಸುತ್ತುತ್ತಾ ಗೆರೆ ಹಿಡಿದು ಹೋಗುತ್ತದೆ. ಎದೆಯ ಎತ್ತರದಲ್ಲಿ ಕೈಬಿಟ್ಟರೆ ಕೆಳಗೆ ಬರುವಷ್ಟರಲ್ಲಿ ತುದಿ ಒಂದು ಬದಿಗೆ ವಾಲಿರುತ್ತದೆ. ಹತ್ತು ಡಿಗ್ರಿ ವಾಲಿದರೂ ಪಾದಕ್ಕೆ ತಾಗುವುದು ಹೊಟ್ಟೆ ಭಾಗ, ಸುತ್ತು ತಪ್ಪಿ ಚೆಂಡು ತೇಲಿಕೊಂಡು ಓರೆ ಹೋಗುತ್ತದೆ. ಮದ್ದು: ದಾರಿ ತೋರುವ ಕೈ ಚೆಂಡನ್ನು ಸೊಂಟದ ಮಟ್ಟದವರೆಗೂ ಒಯ್ದು ಅಲ್ಲಿ ಬಿಡಬೇಕು. ಅದಕ್ಕೆ ಎದೆ ಚೆಂಡಿನ ಮೇಲೆ ಬಾಗಿರಬೇಕು. ಹಿಂದಕ್ಕೆ ವಾಲಿ ಒದ್ದರೆ ಕೈ ಕೆಳಗೆ ತಲುಪುವುದೇ ಇಲ್ಲ.

ಎರಡನೆಯದು ಓಟದ ಗೆರೆ. ಓರೆಯಿಂದ ಒದೆಯುವಾಗ ಹೆಜ್ಜೆ ಹೆಜ್ಜೆಗೂ ಬಾಗುತ್ತಾ ಬರುವ ಚಟ ಹಲವರಿಗಿದೆ. 2021ರಿಂದ ಮಾರ್ಕ್ ಮೇಲೆ (ಚೆಂಡು ಹಿಡಿದ ಜಾಗದಲ್ಲಿ) ನಿಂತ ಎದುರಾಳಿ ಅತ್ತಿತ್ತ ಸರಿಯುವ ಹಾಗಿಲ್ಲ, ಹಾಗಾಗಿ ಅವನಿಗೆ ಹೆದರಿ ಬಾಗುವ ಅಗತ್ಯವೇ ಇಲ್ಲ. ಗೋಲ್ ಹಿಂದೆ ಕುಳಿತವರಲ್ಲಿ ಒಂದು ಗುರುತು ಹಿಡಿದು, ಅಲ್ಲಿಂದ ತನ್ನ ಪಾದದವರೆಗೆ ಒಂದು ಹಗ್ಗ ಎಳೆದಂತೆ ನೇರ ನಡೆದು ಬರಬೇಕು. ಹೆಜ್ಜೆ ಎಣಿಕೆ ಪ್ರತಿ ಸಲವೂ ಒಂದೇ ಇರಬೇಕು. ಸಿಗುವುದು 30 ಸೆಕೆಂಡ್. ಮೊದಲ ಹತ್ತು ಉಸಿರಿಗೆ, ಮುಂದಿನ ಹತ್ತು ಗಾಳಿ ಮತ್ತು ಗುರುತಿಗೆ, ಕೊನೆಯ ಹತ್ತು ಓಟಕ್ಕೆ. ಎಸೆಂಡನ್‌ನ ಹಳೆಯ ಫಾರ್ವರ್ಡ್ ಮ್ಯಾಥ್ಯೂ ಲಾಯ್ಡ್ ಚಿಟಿಕೆ ಹುಲ್ಲು ಕಿತ್ತು ಗಾಳಿಗೆ ತೂರುತ್ತಿದ್ದದ್ದು ಶೋಕಿಗಲ್ಲ. ದಿನವೂ ಒಂದೇ ಕ್ರಮ ಇದ್ದರೆ ತಲೆ ಬೇರೆ ಕಡೆ ಓಡುವುದಿಲ್ಲ.

ಪ್ರಶ್ನೆ_ಇದೆ

ಬುಲ್‌ಡಾಗ್ಸ್ ಹೆಚ್ಚಾಗಿ ಆಡೋದು ಛಾವಣಿ ಇರುವ ಮಾರ್ವೆಲ್ ಸ್ಟೇಡಿಯಂನಲ್ಲಿ. ಅಲ್ಲಿ ಗಾಳಿ ಇಲ್ಲ. ಹಾಗಿದ್ದರೆ ಗಾಳಿಯ ತರಬೇತಿ ಅಷ್ಟೊಂದು ಬೇಕಾ?

ಆರು_ಪಾಯಿಂಟ್_ನಾಕು

@ಪ್ರಶ್ನೆ_ಇದೆ ಅದಕ್ಕೇ ಬೇಕು. ಇದೇ ತಂಡ ಬ್ಯಾಲರಟ್‌ನಲ್ಲೂ ಆಡುತ್ತದೆ. ಅಲ್ಲಿ ಚಳಿಗಾಳಿ ಅಡ್ಡ ಬೀಸಿದರೆ 40 ಮೀಟರ್ ಕಿಕ್ ಎರಡು ಮೂರು ಮೀಟರ್ ಸರಿಯುವುದು ಸಾಮಾನ್ಯ, ಅಂದರೆ ನಡುಕ್ಕೆ ಗುರಿಯಿಟ್ಟದ್ದು ಕಂಬಕ್ಕೆ ಬಂದು ನಿಲ್ಲುತ್ತದೆ. ಛಾವಣಿಯಡಿಯ ಗುರಿಯನ್ನೇ ಅಲ್ಲಿಗೆ ತಂದರೆ ಮೊದಲ ಕ್ವಾರ್ಟರ್ ಕಲಿಯುವುದರಲ್ಲೇ ಕಳೆದುಹೋಗುತ್ತದೆ. ಎತ್ತರದ ಕಿಕ್ಕರ್‌ನ ಚೆಂಡು ಕೈಯಿಂದ ಪಾದಕ್ಕೆ ಇಳಿಯುವಾಗಲೂ ಗಾಳಿ ಅದನ್ನು ಮುಟ್ಟುತ್ತದೆ ಅನ್ನೋದು ನೆನಪಿರಲಿ.

ಸ್ಟಾಪೇಜ್

ರಕ್ ಕೆಲಸದ, ಅಂದರೆ ಆಟ ಮತ್ತೆ ಶುರುವಾಗುವಾಗ ಅಂಪೈರ್ ಎಸೆದ ಚೆಂಡಿಗೆ ಹಾರುವ ಕೆಲಸದ, ವಿಷಯ ಬರಲೇಬೇಕು. ತಂಡದ ರಕ್ ಆಟಗಾರ ಟಿಮ್ ಇಂಗ್ಲಿಷ್‌ಗೆ ಬಿಡುವು ಬೇಕಾದಾಗ ಡಾರ್ಸಿ ರಕ್‌ಗೆ ಹೋಗಬೇಕೋ ಬೇಡವೋ?

ನನ್ನ ಮತ: ಫಾರ್ವರ್ಡ್ 50ರ (ನಾವು ಹೊಡೆಯುವ ಗೋಲ್‌ನಿಂದ 50 ಮೀಟರ್ ಗೆರೆ) ಒಳಗಿನ ಥ್ರೋ-ಇನ್‌ಗೆ (ಅಂಚಿನಿಂದ ಒಳಗೆಸೆಯುವುದು), ಬಾಲ್-ಅಪ್‌ಗೆ (ನೇರ ಮೇಲಕ್ಕೆಸೆಯುವುದು) ಹೌದು. ಸೆಂಟರ್ ಬೌನ್ಸ್‌ಗೆ (ಮೈದಾನದ ನಡುವಿನ ಶುರು; 2026ರಿಂದ ಚೆಂಡು ಪುಟಿಸದೆ ಮೇಲಕ್ಕೆಸೆಯುತ್ತಾರೆ) ಬೇಡ. 2017ರಿಂದ ಮೂರನೆಯವನು ಹಾರಿಬರುವುದು ನಿಷೇಧ, ಇಬ್ಬರೇ ಎದುರೆದುರು. ಹಾಗಾಗಿ ಗೋಲ್ ಬಾಯಲ್ಲಿ 208 ಇರುವವನು ಚೆಂಡು ತಾನೇ ಹಿಡಿದು ಒದೆಯಬಹುದು. 2019ರ ಬದಲಾವಣೆಯ ನಂತರ ರಕ್‌ನಿಂದ ನೇರ ಚೆಂಡು ಹಿಡಿದವನಿಗೆ "ಮೊದಲೇ ಅವಕಾಶ ಇತ್ತು" ಎನ್ನುವ ಲೆಕ್ಕ ಇಲ್ಲ, ಟ್ಯಾಕಲ್ ಆದ ಕೂಡಲೇ ಶಿಕ್ಷೆ ಬೀಳುವುದಿಲ್ಲ. ಹಾಕಿನ್ಸ್ ಇದರಿಂದಲೂ ಗೋಲ್ ಕದ್ದವನೇ.

ಸೆಂಟರ್ ಬೌನ್ಸ್ ಬೇರೆ ಪ್ರಾಣಿ. ಇಬ್ಬರು ಭಾರಿ ಆಳುಗಳು ಎದುರೆದುರು ಓಡಿಬಂದು ಮಂಡಿ ಎತ್ತಿ ಹಾರುತ್ತಾರೆ. ಮಂಡಿಯ ಹಿಂಭಾಗದ ಲಿಗಮೆಂಟ್ ಹರಿಯುವುದು ಹೆಚ್ಚಾಯಿತು ಅಂತಲೇ ಓಟ ಕಡಿಮೆ ಮಾಡಲು 10 ಮೀಟರ್ ವೃತ್ತ ಬಂದದ್ದು. ಡಾರ್ಸಿಯ ಮಂಡಿಗೆ 2025ರ ಏಪ್ರಿಲ್‌ನಲ್ಲಿ ಸೇಂಟ್ ಕಿಲ್ಡಾ ಪಂದ್ಯದಲ್ಲಿ ಪೆಟ್ಟಾಗಿತ್ತು. ಎಸಿಎಲ್ (ಮಂಡಿಯ ಮುಖ್ಯ ಲಿಗಮೆಂಟ್) ಹೋಯಿತು ಅಂತ ಎಲ್ಲರೂ ಹೆದರಿದ್ದರು, ಸ್ಕ್ಯಾನ್‌ನಲ್ಲಿ ಅದು ಉಳಿದಿದೆ, ಮೂಳೆಗೆ ಜಜ್ಜುಗಾಯ ಅಂತ ಬಂತು, ವಾರಗಟ್ಟಲೆ ಹೊರಗುಳಿದ. ಅಂಥ ಮಂಡಿಯನ್ನು ಅಲ್ಲಿ ಪಣಕ್ಕಿಡುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಅದೂ ಅಲ್ಲದೆ ಸೆಂಟರ್ ಬೌನ್ಸ್ ಹೊತ್ತಿನಲ್ಲಿ 6-6-6 ನಿಯಮವಿದೆ. ಎರಡೂ 50ರ ಒಳಗೆ ಪ್ರತಿ ತಂಡದ ಆರಾರು ಜನ ಮಾತ್ರ, ನಡುವೆ ಆರು. ಫಾರ್ವರ್ಡ್‌ಗೆ ಪಂದ್ಯದಲ್ಲಿ ಅತಿ ಹೆಚ್ಚು ಬಯಲು ಸಿಗುವ ಗಳಿಗೆ ಅದೇ. ಆಗ ಡಾರ್ಸಿಯನ್ನು ನಡುವಿಗೆ ಕಳಿಸುವುದು ಅಂದರೆ ಊಟದ ಹೊತ್ತಿಗೆ ಅಡುಗೆಯವನನ್ನು ಪೇಟೆಗೆ ಕಳಿಸಿದ ಹಾಗೆ.

ಎರಡೂ_ಕೈ_ಮಾರ್ಕ್

ರಕ್‌ನಲ್ಲಿ ಭಾಗಶಃ ಭಿನ್ನಾಭಿಪ್ರಾಯ. ಪಂದ್ಯ ಪೂರ್ತಿ ಗೋಲ್ ಹತ್ತಿರವೇ ನಿಂತ ಉದ್ದ ಆಳಿಗೆ ಚೆಂಡು ಸಿಗದೆ ಒಂದು ಕ್ವಾರ್ಟರ್ ಕಳೆದರೆ ಮೈ ತಣ್ಣಗಾಗುತ್ತದೆ. ನಾಲ್ಕೈದು ರಕ್ ಸ್ಪರ್ಧೆ ಅವನನ್ನು ಆಟದೊಳಗೆ ಇಡುತ್ತದೆ. ಆದರೆ ಸೆಂಟರ್ ಬೌನ್ಸ್ ಬೇಡ ಅನ್ನೋದಕ್ಕೆ ಎರಡು ಮಾತಿಲ್ಲ.

ಮಂಡಿಯ ಬಗ್ಗೆ ಒಂದು ಸೇರಿಸ್ತೀನಿ. ಹಾರುವುದಕ್ಕಿಂತ ಇಳಿಯುವುದು ಅಪಾಯ. ಗಾಳಿಯಲ್ಲಿ ಸೊಂಟಕ್ಕೆ ತಳ್ಳು ಬಿದ್ದರೆ ಒಂದೇ ಕಾಲಿನ ಮೇಲೆ, ಮಂಡಿ ನೆಟ್ಟಗಿರುವಾಗಲೇ ಭಾರ ಬೀಳುತ್ತದೆ. ಸಾಧ್ಯವಾದಾಗಲೆಲ್ಲ ಎರಡು ಕಾಲಲ್ಲಿ, ಮಂಡಿ ಬಗ್ಗಿಸಿ, ಮಂಡಿ ಹೆಬ್ಬೆರಳಿನ ಗೆರೆ ಬಿಟ್ಟು ಒಳಕ್ಕೆ ವಾಲದಂತೆ ಇಳಿಯಬೇಕು. ಆಗದಿದ್ದರೆ ಬಿದ್ದುಬಿಡುವುದೇ ಮೇಲು. ಹಟಕ್ಕೆ ನಿಲ್ಲಲು ಹೋಗುವುದೇ ಮುರಿತದ ದಾರಿ. ಉರುಳುವುದನ್ನೂ ಕಲಿಸಬೇಕು, ಜೂಡೋದವರ ಹಾಗೆ.

ಕ್ರಂಬರ್

ನೀವೆಲ್ಲ ಚೆಂಡು ಮೇಲಿರುವಾಗಿನ ಮಾತೇ ಆಡ್ತಿದ್ದೀರಿ. ದೊಡ್ಡ ಫಾರ್ವರ್ಡ್ ಹಾರಿದ ಸ್ಪರ್ಧೆಗಳಲ್ಲಿ ಬಹಳಷ್ಟು ಮಾರ್ಕ್ ಆಗದೆ ನೆಲಕ್ಕೇ ಬರುತ್ತವೆ. ಆಮೇಲೆ ಏನು ಮಾಡ್ತಾನೆ ಅನ್ನೋದರ ಮೇಲೆ ಎದುರಾಳಿ ಚೆಂಡನ್ನು ಸುಲಭವಾಗಿ ಹೊರಗೆ ಒಯ್ಯುತ್ತದೋ ಇಲ್ಲವೋ ಅನ್ನೋದು ನಿಂತಿದೆ.

ಅಷ್ಟುದ್ದದವನಿಗೆ ನೆಲದ ಚೆಂಡು ನಿಜಕ್ಕೂ ದೂರ. ನಿಂತಲ್ಲಿಂದ ಸೊಂಟ ಮಡಿಸಿ ಬಗ್ಗಿದರೆ ತಲೆ ಮುಂದೆ ಬಂದು ಪೆಟ್ಟು ತಿನ್ನುತ್ತದೆ, ಚೆಂಡೂ ಕೈ ಜಾರುತ್ತದೆ. ಸರಿಯಾದ ರೀತಿ ಅಂದರೆ ಚೆಂಡಿನ ಬದಿಗೆ ಬಂದು, ಒಂದು ಕಾಲು ಮುಂದಿಟ್ಟು, ಸೊಂಟವನ್ನೇ ಇಳಿಸಿ, ದೇಹವನ್ನು ಚೆಂಡಿಗೂ ಎದುರಾಳಿಗೂ ನಡುವೆ ಗೋಡೆಯಂತೆ ಇಟ್ಟು ಎತ್ತುವುದು. ಡಾರ್ಸಿ ತನ್ನ ಎತ್ತರಕ್ಕೆ ಆಶ್ಚರ್ಯವಾಗುವಷ್ಟು ಚುರುಕು, ಅದು ಒಪ್ಪಲೇಬೇಕು. ಆದರೂ ಪ್ರತಿ ಸಲ ಎತ್ತಲೇಬೇಕೆಂದಿಲ್ಲ. ನೆಲದಲ್ಲೇ ಕಾಲಲ್ಲಿ ಮುಂದಕ್ಕೆ ತಳ್ಳಬಹುದು, ಅಂಗೈಯಿಂದ ತಟ್ಟಬಹುದು. ನನಗೆ ಎಲ್ಲಕ್ಕಿಂತ ಬೆಲೆಯಾದ್ದು ಶೆಪರ್ಡ್. ಚೆಂಡಿನಿಂದ ಐದು ಮೀಟರ್ ಒಳಗೆ ಎದುರಾಳಿಗೆ ಮೈ ಅಡ್ಡ ಹಾಕುವುದು ನಿಯಮದೊಳಗೇ ಇದೆ. ಅವನು ಇಳಿದ ಕೂಡಲೇ ತಿರುಗಿ ಒಬ್ಬ ಡಿಫೆಂಡರ್‌ಗೆ ಬೆನ್ನು ಅಡ್ಡ ಕೊಟ್ಟರೆ, ಕೋಡಿ ವೈಟ್‌ಮನ್ ತರಹದ ಗಿಡ್ಡ ಆಟಗಾರನಿಗೆ ಅರ್ಧ ಸೆಕೆಂಡ್ ಹೆಚ್ಚು ಸಿಗುತ್ತದೆ. ಗೋಲ್ ಹೊಡೆಯಲು ಅವರಿಗೆ ಬೇಕಾದ್ದೂ ಅರ್ಧ ಸೆಕೆಂಡೇ. ಈ ಕೆಲಸ ಅಂಕಿಅಂಶದ ಪಟ್ಟಿಯಲ್ಲಿ ಎದ್ದು ಕಾಣಲ್ಲ, ಹಾಗಾಗಿ ಯಾರೂ ಚಪ್ಪಾಳೆ ತಟ್ಟಲ್ಲ.

ಚೆಂಡು ಯಾವ ಕಡೆ ಬೀಳುತ್ತದೆ ಅನ್ನೋದೂ ಅವನ ಕೈಯಲ್ಲೇ ಇದೆ. ಇಬ್ಬರು ಮೂವರು ಮೇಲೆ ಬಿದ್ದು ಮಾರ್ಕ್ ಆಗಲ್ಲ ಅಂತ ಗೊತ್ತಾದಾಗ ಹಿಡಿಯುವ ಹಟ ಬಿಟ್ಟು ಚೆಂಡನ್ನು ಗೋಲ್‌ನ ಎದುರಿಗೆ, ಹಾರಿದವರ ಗುಂಪಿನ ಮುಂಭಾಗಕ್ಕೆ ಕೆಡವಬೇಕು. ಕ್ರಂಬರ್‌ಗಳು (ನೆಲಕ್ಕೆ ಬಿದ್ದ ಚೆಂಡು ಎತ್ತುವ ಗಿಡ್ಡ ಆಟಗಾರರು) ಕಾಯುವುದು ಅಲ್ಲೇ, ಬೀಳುವ ಜಾಗದಿಂದ ಮೂರು ನಾಲ್ಕು ಮೀಟರ್ ಮುಂದೆ.

ಗರಡಿ_ಮನಿ

@ಕ್ರಂಬರ್ ಭಾಳ ಖರೆ ಮಾತು. ಇನ್ನೊಂದು ಸೇರಿಸ್ರಿ, ನಾಟನ್ ಮತ್ತ ಇವ ಒಂದೇ ಚೆಂಡಿಗೆ ಹಾರೋದು. ಎರಡೂ ಹುಲಿ ಒಂದೇ ಬ್ಯಾಟಿಗೆ ಬಿದ್ದರ ಬ್ಯಾಟಿ ತಪ್ಪತೈತಿ. ಒಬ್ಬ ಕೂಗಬೇಕು. ಕೂಗಿದಾವ ಹಾರಬೇಕು, ಇನ್ನೊಬ್ಬ ಮುಂದಿನ ಜಾಗ ಕಾಯಬೇಕು. ನಾಟನ್ ಓಡಿಬಂದು ಹಾರೋದರಾಗ ಗಟ್ಟಿ, ಡಾರ್ಸಿ ನಿಂತು ಕೈ ಚಾಚೋದರಾಗ ಗಟ್ಟಿ. ಹಂಗಾರ ಗೋಲ್ ಸ್ಕ್ವೇರ್‌ನಾಗ ಡಾರ್ಸಿ, 35 ಮೀಟರ್ ಮ್ಯಾಲ ನಾಟನ್. ಹತ್ತು ನಿಮಿಷಕ್ಕೊಮ್ಮೆ ಅದಲುಬದಲು.

ಕಾರಿಡಾರ್

ಅದಲುಬದಲು ಸರಿ, ಆದರೆ ಡಾರ್ಸಿಯನ್ನು ಗೋಲ್ ಸ್ಕ್ವೇರ್‌ಗೇ ಕಟ್ಟಿಹಾಕಿದರೆ ಮೇಲೆ ನಾನು ಹೇಳಿದ ಸೋಮಾರಿ ಒದೆತ ಮತ್ತೆ ಶುರು. ನನ್ನ ಲೆಕ್ಕ ಉಲ್ಟಾ. ಎದುರಾಳಿ ನಿಧಾನವಾಗಿ ಕಟ್ಟಿಕೊಂಡು ನಿಂತಾಗ ಡಾರ್ಸಿ 50ರ ಗೆರೆಯ ಹೊರಗಿರಲಿ. ಡಿಫೆಂಡರ್ ಬೇಯ್ಲಿ ಡೇಲ್ ಹಿಂದಿನಿಂದ ಉದ್ದಕ್ಕೆ ಒದ್ದಾಗ ಮೈದಾನದ ಅಂಚುಗೆರೆಯ ಪಕ್ಕದಲ್ಲಿ ಮಾರ್ಕ್ ಹಿಡಿಯುವ ಕಂಬ ಅವನಾಗಲಿ. ಒತ್ತಡದಿಂದ ಪಾರಾಗುವ ಉದ್ದ ಕಿಕ್‌ಗೆ ಅವನಷ್ಟು ಭದ್ರವಾದ ಗುರಿ ಈ ತಂಡದಲ್ಲಿಲ್ಲ. ಹಿಡಿದ ಕೂಡಲೇ ತಿರುಗಿ ನೋಡಿ ಮಿಡ್‌ಫೀಲ್ಡ್‌ನ ಬೊಂಟೆಂಪೆಲ್ಲಿಗೋ ಎಡ್ ರಿಚರ್ಡ್ಸ್‌ಗೋ ಹ್ಯಾಂಡ್‌ಬಾಲ್ (ಮುಷ್ಟಿಯಿಂದ ಗುದ್ದಿ ಪಾಸ್) ಕೊಟ್ಟು ತಾನು ಗೋಲ್ ಕಡೆ ಓಡಬೇಕು. ಎದುರಾಳಿಯ ಜಾಗವೆಲ್ಲ ಅಸ್ತವ್ಯಸ್ತವಾದಾಗ ಮಾತ್ರ ಆಳಕ್ಕೆ ಇಳಿಯಲಿ. ಎರಡೂ ಸೇರಿ ಪಂದ್ಯಕ್ಕೆ ಎಷ್ಟು ಸಲ ಅಂತ ಕೋಚ್ ಲ್ಯೂಕ್ ಬೆವರಿಜ್ ತೀರ್ಮಾನಿಸಲಿ, ಆದರೆ ಒಂದೇ ಪಾತ್ರ ಬೇಡ.

ಪ್ರಶ್ನೆ_ಇದೆ

12 ವರ್ಷದ, ತನ್ನ ತಂಡದಲ್ಲಿ ಎಲ್ಲರಿಗಿಂತ ಎತ್ತರದ ಮಗುವಿಗೆ ಇದರಲ್ಲಿ ಯಾವುದು ಮೊದಲು? ತರಬೇತಿಗೆ ವಾರಕ್ಕೆ ಎರಡೇ ಗಂಟೆ ಅಂತ ಇಟ್ಟುಕೊಳ್ಳಿ.

ಕ್ರಂಬರ್

@ಪ್ರಶ್ನೆ_ಇದೆ ನೆಲದ ಚೆಂಡು ಮೊದಲು. ಆ ವಯಸ್ಸಿನಲ್ಲಿ ಎತ್ತರದವರನ್ನು ಗೋಲ್ ಮುಂದೆ ನಿಲ್ಲಿಸಿ ಮಾರ್ಕ್ ಮಾತ್ರ ಹಿಡಿಸುತ್ತಾರೆ, ಹದಿನೇಳಕ್ಕೆ ಉಳಿದವರೂ ಬೆಳೆದಾಗ ಬೇರೇನೂ ಬರಲ್ಲ. ಚೆಂಡನ್ನು ಎದುರಿಂದ ಉರುಳಿಸಿ 20 ಸಲ, ಬದಿಯಿಂದ 20 ಸಲ, ಅಡ್ಡಾದಿಡ್ಡಿ ಪುಟಿಯುವ ಹಾಗೆ 20 ಸಲ. ಪ್ರತಿ ಸಲವೂ ಎತ್ತಿ ಎರಡು ಹೆಜ್ಜೆಯೊಳಗೆ ಹ್ಯಾಂಡ್‌ಬಾಲ್. ಎಡಗೈ ಬಲಗೈ ಎರಡರಲ್ಲೂ.

ಆರು_ಪಾಯಿಂಟ್_ನಾಕು

ಅದಕ್ಕೆ ಜೊತೆಗೆ 15 ನಿಮಿಷ ಕಿಕ್. ಗೋಲ್‌ನಿಂದ 20 ಮೀಟರ್, ನೇರ ಎದುರು, ಅಲ್ಲಿಂದ ಕಿಂಡಿ 18 ಡಿಗ್ರಿ ಕಾಣುತ್ತದೆ. ಹತ್ತಕ್ಕೆ ಎಂಟು ಒಳಗೆ ಹೋಗುವ ತನಕ ಹಿಂದಕ್ಕೂ ಬೇಡ, ಬದಿಗೂ ಬೇಡ. ಮಗು ಒದ್ದಾಗ ಚೆಂಡು ಎತ್ತ ಹೋಯಿತು ಅಂತ ನೋಡಬೇಡಿ, ಕೈಬಿಟ್ಟಾಗ ಚೆಂಡು ನೆಟ್ಟಗಿತ್ತಾ ಅಂತ ನೋಡಿ. ಪಕ್ಕದಲ್ಲಿ ಮಂಡಿಯೂರಿ ಕುಳಿತು, ಸೊಂಟದ ಮಟ್ಟದಿಂದ ಫೋನಲ್ಲಿ ನಿಧಾನಗತಿಯ ವಿಡಿಯೋ ಹಿಡಿದರೆ ಸಾಕು. ಹಿಮ್ಮುಖ ಸುತ್ತು ಸ್ವಚ್ಛವಾಗಿದ್ದು ಎರಡು ಮೀಟರ್ ತಪ್ಪಿದ ಕಿಕ್ ಒಳ್ಳೆಯದು, ಓಟದ ಗೆರೆ ತಿದ್ದಿದರೆ ಸರಿಹೋಗುತ್ತದೆ. ತೇಲಿಕೊಂಡು ಹೋಗಿ ಗೋಲ್ ಆದದ್ದನ್ನು ಮತ್ತೆ ಒದೆಸಿ.